ಕೊಟ್ಟಿಗೆಯಲ್ಲಿ ಮೀನಿನ ಟ್ಯಾಂಕು

ಆ ಬೇಸಿಗೆಯಲ್ಲಿ ನಮ್ಮ ಮನೆಯ ಟ್ಯಾಂಕರ್ ನೀರಿಗೆ ಒಂದು ಕಾನೂನು ಬಂತು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಮಡಿಗೆ ಮಾತ್ರ. ಗಿಡಗಳಿಗಿಲ್ಲ. ಕಾನೂನು ಮಾಡಿದವರು ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ. ಯಜಮಾನರು ತೀರಿಕೊಂಡ ಮೇಲೆ ತವರಿಗೆ ಬಂದವರು, ನಮ್ಮ ಅತ್ತೆ ಹೋದ ಮೇಲೆ ಮನೆಯ ಅಧಿಕಾರವನ್ನು ಯಾರೂ ಕೊಡದೆ ತಾವೇ ತೆಗೆದುಕೊಂಡವರು. ಮಾವ ಮುಳಬಾಗಿಲಿನ ದೇವಸ್ಥಾನವೊಂದರಲ್ಲಿ ಬಹಳ ವರ್ಷ ಅರ್ಚಕರಾಗಿದ್ದು, ಮಂಡಿನೋವು ಹೆಚ್ಚಾದ ಮೇಲೆ ಮನೆಯಲ್ಲೇ ಇದ್ದರು. ನನ್ನ ಗಂಡ ದಿನಾ ಬಸ್ಸು ಹತ್ತಿ ಕೋಲಾರದ ಆಫೀಸಿಗೆ ಹೋಗಿಬರುತ್ತಿದ್ದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ತಾರಸಿಯ ಮೇಲಿನ ಕುಂಡಗಳಷ್ಟೇ. ಕಾನೂನು ಬಂದ ಮೇಲೆ ಮೊದಲು ಪಾಲಕ್ ಸುಟ್ಟುಹೋಯಿತು, ಆಮೇಲೆ ದಂಟು, ಕೊನೆಗೆ ಮೂರು ವರ್ಷದಿಂದ ಹಬ್ಬಿದ್ದ ಬಸಳೆ.

"ಎಷ್ಟು ನೀರು ಉಳೀತು ನೋಡು" ಅಂದರು ಅತ್ತಿಗೆ.

ನಾನು ಒಣಗಿದ ಬಳ್ಳಿಯನ್ನು ಕಿತ್ತು ಸುರುಳಿ ಸುತ್ತಿ ತಿಪ್ಪೆಗೆ ಹಾಕಿದೆ. ಈ ಮನೆಯಲ್ಲಿ ಮತ್ತೆ ಸೊಪ್ಪು ಬೆಳೆದೇ ಬೆಳೆಯುತ್ತೇನೆ, ಅದಕ್ಕೆ ಇವರ ಒಂದು ಚೊಂಬು ನೀರನ್ನೂ ದಿನಾ ಕೇಳುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದ್ದೆ.

ದಾರಿ ಸಿಕ್ಕಿದ್ದು ಕೋಲಾರದ ಹತ್ತಿರ ನಡೆದ ಒಂದು ಕೃಷಿ ಮೇಳದಲ್ಲಿ. ಅಲ್ಲೊಂದು ತೊಟ್ಟಿಯಲ್ಲಿ ಮೀನುಗಳಿದ್ದವು. ತೊಟ್ಟಿಯ ನೀರು ಒಂದು ಸಣ್ಣ ಪಂಪಿನಿಂದ ಮೇಲೇರಿ, ಜಲ್ಲಿಕಲ್ಲು ತುಂಬಿದ ಹಾಸಿನೊಳಗೆ ಹರಿದು, ಅಲ್ಲಿದ್ದ ಸೊಪ್ಪಿನ ಬೇರುಗಳನ್ನು ತೋಯಿಸಿ ಮತ್ತೆ ತೊಟ್ಟಿಗೇ ಬೀಳುತ್ತಿತ್ತು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರ, ಗಿಡ ಆ ನೀರನ್ನು ಮೀನಿಗೆ ತಿಳಿಮಾಡಿ ಕೊಡುತ್ತದೆ. ಅದೇ ನೀರು ಸುತ್ತುತ್ತಲೇ ಇರುತ್ತದೆ, ಆರಿಹೋದಷ್ಟನ್ನು ಮಾತ್ರ ತುಂಬಿಸಬೇಕು. ಅಕ್ವಾಪೋನಿಕ್ಸ್ ಅಂತ ಬೋರ್ಡು ಹಾಕಿದ್ದರು. ನಾನು ಮೇಳದ ಬೇರೆ ಏನನ್ನೂ ನೋಡದೆ ಅಲ್ಲೇ ನಿಂತಿದ್ದೆ.

ಅವತ್ತು ಊಟದ ಹೊತ್ತಿಗೆ ವಿಷಯ ತೆಗೆದೆ.

"ಹಿತ್ತಲಲ್ಲಿ ಮೀನು ಸಾಕ್ತೀನಿ."

ಗಂಡ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅತ್ತಿಗೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಏನ್ ಸಾಕ್ತೀಯಾ?"

"ಮೀನು. ಬಣ್ಣದ ಮೀನು. ತಿನ್ನೋದಕ್ಕೂ ಅಲ್ಲ, ಮಾರೋದಕ್ಕೂ ಅಲ್ಲ. ಆ ನೀರಲ್ಲಿ ಸೊಪ್ಪು ಬೆಳೀತೀನಿ."

"ಅರ್ಚಕರ ಮನೇಲಿ ಮೀನಾ? ಬೀದೀಲಿ ಏನಂತಾರೆ ಕಣೇ?"

"ದೇವಸ್ಥಾನದ ಕಲ್ಯಾಣೀಲೂ ಮೀನಿದೆಯಲ್ಲ ಅತ್ತಿಗೆ. ಅದಕ್ಕೆ ಏನಂತಾರೆ?"

ಮಾವ ತಲೆ ಎತ್ತಲಿಲ್ಲ. "ಅದು ದೇವರ ನೀರು. ನೀನು ತರೋದು ಡಬ್ಬ" ಅಂದು ಊಟ ಮುಗಿಸುವ ಉತ್ತರಾಪೋಶನಕ್ಕೆ ಕೈ ಒಡ್ಡಿದರು. ಮಾತು ಅಲ್ಲಿಗೆ ಮುಗಿಯಿತು ಅಂತ ಅರ್ಥ. ಆದರೆ ಬೇಡ ಅಂತ ಅವರು ಹೇಳಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಜಾಗದ ಪ್ರಶ್ನೆ ಮೊದಲು ಬಂತು. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ಭಾರ. ನಮ್ಮದು ಹಳೆಯ ಮದ್ರಾಸ್ ತಾರಸಿ, ಮರದ ತೊಲೆಗಳ ಮೇಲೆ ನಿಂತದ್ದು. ಕುಂಡಗಳನ್ನು ತಾಳಿಕೊಂಡಿತ್ತು, ಇದನ್ನು ತಾಳುವುದಿಲ್ಲ. ಹಿತ್ತಲಿನ ಬಾವಿಕಟ್ಟೆಯ ಸುತ್ತ ಮಡಿ ಬಟ್ಟೆ ಒಣಹಾಕುತ್ತಿದ್ದರು. ಬಾವಿಯಲ್ಲಿ ನೀರಿಲ್ಲದಿದ್ದರೂ ಮಡಿ ಮಾತ್ರ ಹಾಗೇ ಇತ್ತು. ಉಳಿದದ್ದು ಮೂಲೆಯ ಕೊಟ್ಟಿಗೆ. ಚಪ್ಪಡಿ ಕಲ್ಲಿನ ನೆಲ, ಮೇಲೆ ಹೆಂಚು. ಮೀನಿಗೆ ನೆರಳು ಬೇಕು, ನೀರಿಗೆ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಟ್ಯಾಂಕು ಒಳಗೆ, ಗಿಡದ ಹಾಸು ಗೋಡೆಯಾಚೆ ಬಿಸಿಲಲ್ಲಿ, ಸ್ವಲ್ಪ ಎತ್ತರದ ಕಟ್ಟೆಯ ಮೇಲೆ. ಇಡೀ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

"ಹಸು ಕಟ್ಟಿದ ಜಾಗದಲ್ಲಿ ಮೀನಿಡ್ತೀಯಾ? ಲಕ್ಷ್ಮಿ ಇದ್ದ ಜಾಗ ಅದು" ಅಂದರು ಅತ್ತಿಗೆ.

"ಹಸು ಮಾರಿದ್ದು ನಾನಲ್ಲ ಅತ್ತಿಗೆ. ಅವತ್ತು ಬೇಡ ಅಂದವಳು ನಾನೊಬ್ಬಳೇ."

ಅವರು ತಿರುಗಿ ಒಳಗೆ ಹೋದರು. ಮರುದಿನ ನಾನು ಕೊಟ್ಟಿಗೆಯಲ್ಲಿದ್ದ ಮುರುಕು ಕುರ್ಚಿಗಳನ್ನೂ ಹಳೆಯ ಪಂಚಾಂಗದ ಕಟ್ಟುಗಳನ್ನೂ ಹೊರಗೆ ಹಾಕಿ ನೆಲ ತೊಳೆದೆ.

ಟ್ಯಾಂಕಿಗಾಗಿ ಮಾಲೂರಿಗೆ ಹೋದೆ. ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಕಬ್ಬಿಣದ ಪಂಜರದೊಳಗೆ ಕೂರಿಸಿದ ಬಿಳಿ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಏನೇನೋ ದ್ರವಗಳು ಬರುತ್ತವೆ, ಖಾಲಿಯಾದವು ಗುಜರಿಗೆ ಹೋಗುತ್ತವೆ ಅಂತ ಮೇಳದಲ್ಲಿ ಹೇಳಿದ್ದರು. ಹೊಸ ಕಪ್ಪು ಟ್ಯಾಂಕು ನಮ್ಮೂರಲ್ಲೇ ಸಿಗುತ್ತಿತ್ತು. ಆದರೆ ಅದು ಎತ್ತರ, ಬಾಯಿ ಚಿಕ್ಕದು. ಮೀನಿಗೆ ಬೇಕಾದದ್ದು ಎತ್ತರವಲ್ಲ, ಅಗಲ. ಗಾಳಿ ತಾಗುವ ನೀರಿನ ಮೈ ಹೆಚ್ಚಿದ್ದಷ್ಟೂ ಅವು ಆರಾಮವಾಗಿ ಉಸಿರಾಡುತ್ತವೆ. ಪಂಜರದ ಟ್ಯಾಂಕಿನ ಮೇಲ್ಭಾಗವನ್ನು ಕೊಯ್ದು ಬೋರಲು ಹಾಕಿದರೆ ಅದೇ ಗಿಡದ ಹಾಸೂ ಆಗುತ್ತದೆ.

ಗುಜರಿಯ ಯಜಮಾನ ಹುಣಸೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಸಾಲುಸಾಲಾಗಿ ಟ್ಯಾಂಕುಗಳು.

"ಯಾವ್ದ್ ಬೇಕಾದ್ರೂ ತಗೊಳ್ಳಿ ಅಮ್ಮಾ, ಎಲ್ಲಾ ಒಂದೇ ಮಾಲು" ಅಂದ.

"ಒಳಗೆ ಏನ್ ತುಂಬಿದ್ರು ಇದರಲ್ಲಿ?"

"ನನಗೇನ್ ಗೊತ್ತು ಅಮ್ಮಾ? ಖಾಲಿ ಬರುತ್ತೆ, ಖಾಲಿ ಹೋಗುತ್ತೆ."

"ಗೊತ್ತಿಲ್ಲದೆ ಹೇಗೆ ತಗೊಳ್ಳಲಿ? ಜೀವ ಸಾಕೋ ಟ್ಯಾಂಕು ಇದು."

"ತೊಳೆದ್ರೆ ಹೋಗುತ್ತೆ ಬಿಡಿ."

ಹೋಗುವುದಿಲ್ಲ. ಪ್ಲಾಸ್ಟಿಕ್ಕು ಕುಡಿದದ್ದನ್ನು ಬಿಡುವುದಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಸಿ ನೋಡತೊಡಗಿದೆ. ಒಂದರಲ್ಲಿ ಬಣ್ಣದ ತಿನ್ನರಿನ ವಾಸನೆ, ಒಂದರಲ್ಲಿ ಫಿನಾಯಿಲಿನದು, ಇನ್ನೊಂದರ ಘಾಟಿಗೆ ಕಣ್ಣಲ್ಲಿ ನೀರು ಬಂತು. ಕೆಲವಕ್ಕೆ ವಾಸನೆಯೇ ಇರಲಿಲ್ಲ, ಚೀಟಿಯನ್ನೂ ಕಿತ್ತುಹಾಕಿದ್ದರು. ಅವುಗಳ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ ಬಂತು. ಯಜಮಾನ ಎರಡು ಸಲ ಎದ್ದುಬಂದು "ಬಿಸಿಲಲ್ಲಿ ಯಾಕಮ್ಮಾ ತೊಂದ್ರೆ, ಸಾರ್‌ನ ಕರ್ಕೊಂಡ್ ಬನ್ನಿ" ಅಂದ. "ಅವರಿಗೆ ನೆಗಡಿ, ಮೂಗು ಕಟ್ಟಿದೆ" ಅಂದೆ. ಅದು ಸುಳ್ಳು. ಆದರೆ ಅವನು ಮತ್ತೆ ಬರಲಿಲ್ಲ.

ಕೊನೆಯ ಸಾಲಿನಲ್ಲಿ ಒಂದು ಟ್ಯಾಂಕಿನ ಕೊಳಾಯಿಯ ಸುತ್ತ ಇರುವೆ ಮುತ್ತಿದ್ದವು. ದಪ್ಪನೆಯ ಕಪ್ಪು ಗೆರೆ ನೆಲದಿಂದ ಹತ್ತಿ ಮುಚ್ಚಳದವರೆಗೂ ಹೋಗಿತ್ತು. ಬೆರಳಿಟ್ಟು ನೋಡಿದೆ. ಅಂಟು. ಒಳಗಿನಿಂದ ಬೆಲ್ಲದ ಪಾಕ ತಣ್ಣಗಾದಾಗ ಬರುವಂಥ ವಾಸನೆ. ಹಿಂದುಗಡೆ ಅರ್ಧ ಹರಿದ ಚೀಟಿಯಲ್ಲಿ ಗ್ಲೂಕೋಸ್ ಅನ್ನುವ ಮಾತು ಉಳಿದಿತ್ತು. ಬಿಸ್ಕತ್ತಿನ ಕಾರ್ಖಾನೆಗೋ ಚಾಕೊಲೇಟಿನದಕ್ಕೋ ಬಂದದ್ದಿರಬೇಕು.

"ಇದು ಕೊಡಿ."

"ಅದು ಹಳೇದಮ್ಮಾ, ಇರುವೆ ಹಿಡಿದಿದೆ. ಹೊಸದು ಇಲ್ಲಿದೆ ನೋಡಿ, ಫಳಫಳ."

"ಇರುವೆ ಹಿಡಿದಿರೋದೇ ಬೇಕು ನನಗೆ."

ಟೆಂಪೋ ನಮ್ಮ ಬೀದಿಗೆ ಬಂದಾಗ ಸಾಯಂಕಾಲ. ಜಗಲಿಯಲ್ಲಿ ಕೂತವರೆಲ್ಲ ಎದ್ದು ನಿಂತರು. ಪಂಜರ ನೋಡಿ ಎದುರುಮನೆಯಾಕೆ ತೆಲುಗಿನಲ್ಲಿ "ಏಮಮ್ಮಾ, ಪುಲಿನಿ ಪೆಂಚುತಾರಾ?" ಎಂದು ಕೇಳಿದರು. ಹುಲಿ ಸಾಕುತ್ತೀರಾ ಅಂತ. "ಅದಕ್ಕಿಂತ ಕಷ್ಟದ್ದು" ಅಂದೆ ಕನ್ನಡದಲ್ಲೇ. ಅತ್ತಿಗೆ ಬಾಗಿಲಿಗೂ ಬರಲಿಲ್ಲ. ಟೆಂಪೋದವನೂ ನಾನೂ ಒಂದೊಂದು ಕಡೆ ಹಿಡಿದು ಹಿತ್ತಲ ಬಾಗಿಲಿಂದ ಕೊಟ್ಟಿಗೆಗೆ ತಂದಿಟ್ಟೆವು. ವೆಲ್ಡಿಂಗ್ ಅಂಗಡಿಯವನು ಬಂದು ಮೇಲ್ಭಾಗ ಕೊಯ್ದುಕೊಟ್ಟ. ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದೆ. ಕೊನೆಗೆ ಒಂದು ಇರುವೆಯೂ ಇತ್ತ ತಿರುಗಿ ನೋಡದ ಹಾಗೆ ಆಯಿತು.

ಆಮೇಲೆ ಪಂಪು. ಟ್ಯಾಂಕಿನ ತಳದಿಂದ ಹಾಸಿನ ಬಾಯಿಗೆ ನೀರು ಏರಬೇಕಾದ ಎತ್ತರ ಹೆಚ್ಚುಕಡಿಮೆ ನನ್ನಷ್ಟೇ. ಗಂಟೆಗೊಮ್ಮೆ ಟ್ಯಾಂಕಿನ ನೀರೆಲ್ಲ ಒಂದು ಸುತ್ತು ಹೋಗಿಬರಬೇಕು. ಹಗಲೂ ರಾತ್ರಿಯೂ ನಿಲ್ಲದೆ ಓಡಬೇಕು, ಕರೆಂಟು ಬಹಳ ತಿನ್ನಬಾರದು, ಒಳಗೆ ಎಣ್ಣೆ ಇರಬಾರದು. ಎಣ್ಣೆ ತುಂಬಿದ ಮೋಟಾರು ನೀರಲ್ಲಿ ಮುಳುಗಿ ಒಂದು ದಿನ ಸೋರಿದರೆ ಮೀನು ಉಳಿಯುವುದಿಲ್ಲ. ಮದುವೆಗೆ ಮುಂಚೆ ನಾನು ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಈ ಲೆಕ್ಕ ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಪಂಪಿನ ಅಂಗಡಿಯವರಿಗೆ ಅದನ್ನು ಕೇಳಿಸುವುದು.

ಬಸ್ ನಿಲ್ದಾಣದ ಹತ್ತಿರದ ಆ ಅಂಗಡಿಯಲ್ಲಿ ಬೋರ್‌ವೆಲ್ ಮೋಟಾರುಗಳನ್ನು ಕಂಬಗಳ ಹಾಗೆ ನಿಲ್ಲಿಸಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಅಂಗಡಿಯವರು ನಕ್ಕರು. "ಅರ್ಧ ಎಚ್‌ಪಿ ಹಾಕ್ಬಿಡಿ ಅಮ್ಮ, ಎರಡು ಮಹಡಿ ಏರುತ್ತೆ. ಸಾರ್‌ಗೆ ಫೋನ್ ಮಾಡಿ ಮಾತಾಡ್ತೀನಿ ಬಿಡಿ."

ಮಾತಾಡಿಯೇಬಿಟ್ಟರು. ಮರುದಿನ ಸಂಜೆ ನನ್ನ ಗಂಡ ಸ್ಕೂಟರಿನ ಮುಂದೆ ಅರ್ಧ ಎಚ್‌ಪಿ ಪಂಪು ಇಟ್ಟುಕೊಂಡು ಬಂದರು. ಮುಖದಲ್ಲಿ ಸಂತೋಷ. ನನ್ನ ಪರವಾಗಿ ಒಂದು ಕೆಲಸ ಮಾಡಿದ್ದೇನೆ ಅನ್ನುವ ಸಂತೋಷ. ಅವರು ಸ್ಟ್ಯಾಂಡ್ ಹಾಕುವುದಕ್ಕೆ ಮುಂಚೆಯೇ ನಾನು ಚಪ್ಪಲಿ ಮೆಟ್ಟಿಕೊಂಡೆ.

"ಎಲ್ಲಿಗೆ?"

"ವಾಪಸ್ ಕೊಡೋದಕ್ಕೆ."

"ತಗೊಂಡಿದ್ದಾಗಿದೆಯಲ್ಲೇ. ಒಳ್ಳೇ ಪಂಪು ಅಂತೆ."

"ಒಳ್ಳೇದೇ ಇರಬಹುದು. ಇದನ್ನ ಹಾಕಿದ್ರೆ ಒಂದು ಗಳಿಗೇಲಿ ಟ್ಯಾಂಕು ಖಾಲಿಯಾಗಿ ಮೀನು ಜಲ್ಲಿ ಮೇಲೆ ಬಂದು ಬೀಳುತ್ತೆ. ನನ್ನ ಟ್ಯಾಂಕಿಗೆ ಪಂಪು ಆರಿಸೋದು ನಾನು. ನಡೀರಿ."

ಹೊರಡುವಾಗ ಬಚ್ಚಲಿನಿಂದ ಒಂದು ಬಕೆಟ್ಟು, ಹಿತ್ತಲಿನಿಂದ ನನ್ನಷ್ಟು ಉದ್ದದ ಪೈಪಿನ ತುಂಡು ತೆಗೆದುಕೊಂಡೆ. ಗಂಡ ಸ್ಕೂಟರ್ ತಿರುಗಿಸಿದರು. ಹದಿನೆಂಟು ವರ್ಷ ನನ್ನ ಜೊತೆ ಬದುಕಿದವರು, ಯಾವಾಗ ಸುಮ್ಮನಿರಬೇಕು ಅಂತ ಅವರಿಗೆ ಗೊತ್ತು.

"ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಅಮ್ಮ" ಅಂದರು ಅಂಗಡಿಯವರು.

"ನನಗೆ ಮಾರಿಲ್ಲ ನೀವು. ನಾನು ಕೇಳಿದ್ದು ಬೇರೆ, ಇವರ ಕೈಗೆ ಕೊಟ್ಟಿದ್ದು ಬೇರೆ. ಡಬ್ಬ ಬಿಚ್ಚಿಲ್ಲ, ನೋಡಿ." ಅಷ್ಟು ಹೇಳಿ ಬಕೆಟ್ಟು ಕಾಲ ಹತ್ತಿರ ಇಟ್ಟುಕೊಂಡು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ನಂಗಲಿ ಕಡೆಯಿಂದ ಬಂದಿದ್ದ ಇಬ್ಬರು ರೈತರು ವ್ಯಾಪಾರ ಬಿಟ್ಟು ನಮ್ಮನ್ನೇ ನೋಡತೊಡಗಿದರು. ಅಂಗಡಿಯವರು ನನ್ನ ಗಂಡನ ಮುಖ ನೋಡಿದರು. ಗಂಡ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

"ಸರಿ, ಏನ್ ಬೇಕು ಹೇಳಿ" ಅಂದರು ಕೊನೆಗೆ.

ಕಾರಂಜಿಗೆ ಹಾಕುವ ಸಣ್ಣ ಪಂಪುಗಳನ್ನು ತೆಗೆಸಿದೆ. ಒಂದರ ಡಬ್ಬದ ಮೇಲೆ ಗಂಟೆಗೆ ಇಷ್ಟು ಲೀಟರು ಅಂತ ದೊಡ್ಡ ಅಕ್ಷರದಲ್ಲಿತ್ತು. "ನೀವು ಹೇಳಿದ್ದಕ್ಕಿಂತ ಜಾಸ್ತೀನೇ ಇದೆ, ತಗೊಂಡೋಗಿ" ಅಂದರು. ಅದು ನೆಲಮಟ್ಟದ ಲೆಕ್ಕ. ಮೇಲೆ ಏರಿದಷ್ಟೂ ನೀರು ಕಡಿಮೆಯಾಗುತ್ತ ಹೋಗಿ, ಡಬ್ಬದ ಮೇಲೆ ಹೆಡ್ ಅಂತ ಬರೆದಿರುವ ಎತ್ತರದಲ್ಲಿ ಪೂರಾ ನಿಂತುಹೋಗುತ್ತದೆ. ಅಂಗಡಿಯ ಹಿಂದೆ ನೀರಿನ ಡ್ರಮ್ಮು ಇತ್ತು. "ಅದರಲ್ಲಿ ಇಳಿಸಿ ಓಡಿಸಿ. ಪೈಪು ನಾನು ಹಿಡ್ಕೋತೀನಿ" ಅಂದೆ.

ಮೊದಲ ಪಂಪಿನಿಂದ ನನ್ನ ತಲೆಯ ಎತ್ತರಕ್ಕೆ ಬಂದದ್ದು ಮಗು ಉಚ್ಚೆ ಹೊಯ್ದಷ್ಟು. ರೈತರು ನಕ್ಕರು. ಎರಡನೆಯದು ಸ್ವಲ್ಪ ಪರವಾಗಿಲ್ಲ. ಮೂರನೆಯದು ಪೈಪಿನ ಬಾಯಿಂದ ಚಿಮ್ಮಿ ನನ್ನ ಸೀರೆ ತೋಯಿಸಿತು, ನಾನು ಗಡಿಯಾರ ನೋಡುತ್ತಿದ್ದ ಹಾಗೆ ಒಂದು ನಿಮಿಷದೊಳಗೆ ಬಕೆಟ್ಟು ತುಂಬಿತು. ಗಂಟೆಗೆ ಟ್ಯಾಂಕು ಒಂದು ಸುತ್ತು. ಅರ್ಧ ಎಚ್‌ಪಿ ಪಂಪಿನ ಪಕ್ಕ ಇಟ್ಟರೆ ಅದು ಅಂಗೈಯಷ್ಟಿತ್ತು, ಒಂದು ಟ್ಯೂಬ್‌ಲೈಟಿನಷ್ಟು ಕರೆಂಟು ಸಾಕು.

ಅಂಗಡಿಯವರು ದೊಡ್ಡ ಪಂಪನ್ನು ವಾಪಸ್ ಇಟ್ಟುಕೊಂಡರು, ಮುಖ ಮಾತ್ರ ಸಡಿಲಿಸಲಿಲ್ಲ. ದಾರಿಯಲ್ಲಿ ಗಂಡ "ನನ್ನ ಮಾನ ತೆಗೆದೆ ಕಣೇ" ಅಂದರು. "ನನ್ನ ಮಾನ ಉಳೀತು" ಅಂದೆ. ಒಬ್ಬರ ಮಾತಿಗೆ ಇನ್ನೊಬ್ಬರು ನಗಲಿಲ್ಲ.

ಹಾಸಿಗೆ ಜಲ್ಲಿ ತುಂಬಿ ಪಾಲಕ್ ಬಿತ್ತಿ, ನನ್ನ ದುಡ್ಡಲ್ಲೇ ಬೇರೆ ಟ್ಯಾಂಕರ್ ತರಿಸಿ ಟ್ಯಾಂಕು ತುಂಬಿಸಿದೆ. ನೀರು ಸುತ್ತತೊಡಗಿತು. ಕೋಲಾರದಿಂದ ಕಿತ್ತಳೆ ಬಣ್ಣದ ಪುಟ್ಟ ಮೀನುಗಳನ್ನು ತಂದು ಬಿಟ್ಟೆ. ಜಲ್ಲಿಯಲ್ಲಿ ಸೂಕ್ಷ್ಮಜೀವಿ ಹುಟ್ಟಿ, ಹೊಲಸು ಗೊಬ್ಬರವಾಗುವುದಕ್ಕೆ ಕೆಲವು ವಾರ ಬೇಕು. ಅಷ್ಟೂ ವಾರ ಪಾಲಕ್ ಹಳದಿ ಮುಖ ಮಾಡಿಕೊಂಡು ನಿಂತಿತ್ತು. ಅತ್ತಿಗೆ ದಿನಾ ಒಂದು ಸಲ ಹಿತ್ತಲಿಗೆ ಬಂದು ಅದನ್ನು ನೋಡಿ ಒಳಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹೊಸ ಎಲೆಗಳು ಕಡುಹಸಿರಾಗಿ ಬಿಚ್ಚಿಕೊಂಡವು. ಅವತ್ತಿನಿಂದ ಅವರು ಬರುವುದನ್ನು ನಿಲ್ಲಿಸಿದರು.

ಮೊದಲ ಸಾರು ಮಾಡಿದ ದಿನ ಅವರು ತಟ್ಟೆ ಪಕ್ಕಕ್ಕೆ ಸರಿಸಿ "ನನಗೆ ಬರೀ ಮಜ್ಜಿಗೆ ಸಾಕು" ಅಂದರು. ಅದಾದ ಮೇಲೆ ಸೊಪ್ಪು ಮಾಡಿದ ದಿನವೆಲ್ಲ ಅವರಿಗೆ ಬೇರೆ ಸಾರು ಮಾಡಿಟ್ಟೆ. ಮಾಡುವುದಿಲ್ಲ ಅನ್ನಬಹುದಿತ್ತು. ಆದರೆ ನನ್ನ ಜಗಳ ಅವರ ಹೊಟ್ಟೆಯ ಜೊತೆ ಅಲ್ಲ. ಮಾವ ಎಂದಿನಂತೆ ಉಂಡರು.

ಮುಂದಿನ ಬೇಸಿಗೆಯಲ್ಲಿ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬರಲಿಲ್ಲ. ನೀರು ನಿಂತಿತು. ಮೀನುಗಳು ಒಂದೊಂದಾಗಿ ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯತೊಡಗಿದವು. ನಾನು ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದೆ. ಮೊಗೆಯುವುದು, ಸುರಿಯುವುದು. ತೋಳು ಮರಗಟ್ಟಿತು. ಅತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು "ಹೋಗೋದು ಹೋಗುತ್ತೆ, ಬಿಟ್ಟು ಊಟಕ್ಕೆ ಬಾ. ನಿನಗ್ಯಾಕೆ ಇಷ್ಟು ಹಠ?" ಅಂದರು. ದನಿಯಲ್ಲಿ ಕೋಪವಿರಲಿಲ್ಲ.

"ತಂದಿದ್ದು ನಾನು ಅತ್ತಿಗೆ."

ಸಂಜೆ ಕರೆಂಟು ಬರುವ ಹೊತ್ತಿಗೆ ನಾಲ್ಕು ಮೀನು ಸತ್ತಿದ್ದವು. ಅವನ್ನು ನಿಂಬೆಗಿಡದ ಬುಡದಲ್ಲಿ ಹೂಳುತ್ತಿದ್ದಾಗ ಮಾವ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಸೂತಕದ ಮಾತೇನಾದರೂ ಬರುತ್ತದೆ ಅಂತ ಉತ್ತರ ಸಿದ್ಧಮಾಡಿಕೊಂಡು ಎದ್ದುನಿಂತೆ.

"ಗರ್ಭಗುಡೀಲಿ ಒಂದೇ ದೀಪ ಹಚ್ಚಿಟ್ಟು ಮನೆಗೆ ಬಂದೋನಲ್ಲ ನಾನು. ಯಾವಾಗಲೂ ಎರಡು. ಒಂದು ಆರಿದ್ರೆ ಇನ್ನೊಂದಿರಲಿ ಅಂತ. ನೀನು ಒಂದೇ ಪಂಪು ನಂಬ್ಕೊಂಡು ಅಷ್ಟು ಜೀವ ಯಾಕೆ ತಂದೆ?" ಅಂದರು. ಬೈಗುಳದ ಹಾಗೇ ಹೇಳಿದರು. ಹೇಳಿ ಒಳಗೆ ಹೋದರು.

ಅವರು ಹೇಳಿದ್ದು ಸರಿ. ಅದೇ ವಾರ ಹೋಗಿ ಬ್ಯಾಟರಿಯ ಮೇಲೆ ಓಡುವ ಒಂದು ಗಾಳಿಪಂಪು ತಂದೆ. ಕರೆಂಟು ಹೋದ ಕೂಡಲೇ ಅದು ತಾನೇ ಶುರುವಾಗಿ ಟ್ಯಾಂಕಿನ ತಳದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಅದಾದ ಮೇಲೆ ಕರೆಂಟಿಲ್ಲ ಅಂತ ಒಂದು ಮೀನೂ ಸತ್ತಿಲ್ಲ.

ದೊಡ್ಡ ಪರೀಕ್ಷೆ ಬಂದದ್ದು ಅತ್ತೆಯ ತಿಥಿಗೆ. ಪ್ರತಿವರ್ಷ ಬ್ರಾಹ್ಮಣಾರ್ಥಕ್ಕೆ ಬಂದು ಕೂರುತ್ತಿದ್ದ ನಮ್ಮ ಬೀದಿಯ ಹಿರಿಯರೊಬ್ಬರು ಎರಡು ದಿನ ಮುಂಚೆ ಮನೆಗೆ ಬಂದು, ಜಗಲಿಯಲ್ಲೇ ಕೂತು, ಮೀನು ಸಾಕುವ ಮನೆಯಲ್ಲಿ ತಿಥಿಯ ಊಟ ಮಾಡುವುದಿಲ್ಲ ಅಂದರು. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಅವರ ತಾಯಿಯ ತಿಥಿ ಅದು.

ಗಂಡ ನನ್ನನ್ನು ಒಳಗೆ ಕರೆದರು. "ನಾಲ್ಕು ದಿನ ಎಲ್ಲಾದ್ರೂ ಸಾಗಿಸೋಣ ಕಣೇ. ಆಮೇಲೆ ತಂದರಾಯ್ತು."

"ಕುರ್ಚಿ ಅಲ್ಲ ಅದು, ಎತ್ತಿ ಪಕ್ಕಕ್ಕಿಡೋದಕ್ಕೆ. ಒಂದು ಸಲ ಕದಲಿಸಿದ್ರೆ ನೀರು ಹಾಳು, ಮೀನು ಹಾಳು, ಗಿಡ ಹಾಳು. ಸಾಗಿಸಲ್ಲ."

ನಾನೇ ಜಗಲಿಗೆ ಹೋದೆ. "ಅತ್ತೆ ಬಗ್ಗೆ ನನಗೂ ಭಕ್ತಿ ಇದೆ" ಅಂದೆ ಆ ಹಿರಿಯರಿಗೆ. "ಅಡುಗೆ ಮಡಿಯಲ್ಲೇ ಮಾಡ್ತೀನಿ, ಯಾವತ್ತೂ ಮಾಡೋ ಹಾಗೆ. ಮೀನು ಕೊಟ್ಟಿಗೇಲಿರುತ್ತೆ, ಯಾವತ್ತೂ ಇರೋ ಹಾಗೆ. ನೀವು ಬಂದ್ರೆ ಸಂತೋಷ. ಬರಲ್ಲ ಅಂದ್ರೆ ಈಗ ಕಾಫಿ ಕುಡಿದು ಹೋಗಿ."

ಅವರು ಮಾವನ ಕಡೆ ನೋಡಿದರು. ಮಾವ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದರು.

"ಅವಳು ಹೇಳಿದ್ಳಲ್ಲ" ಅಂದರು.

ಹಿರಿಯರು ಕಾಫಿ ಕುಡಿಯದೆ ಹೋದರು. ಮಾವ ಶ್ರೀನಿವಾಸಪುರದ ತಮ್ಮ ಹಳೆಯ ಸ್ನೇಹಿತರೊಬ್ಬರಿಗೆ ಫೋನ್ ಮಾಡಿಸಿದರು. ತಿಥಿಯ ದಿನ ಅವರು ಮೊದಲ ಬಸ್ಸಿಗೇ ಬಂದರು. ಮಾವ ವಿಷಯ ಪೂರಾ ಹೇಳಿಯೇ ಕರೆಸಿದ್ದರು. ವಿಧಿಯೆಲ್ಲ ಮುಗಿದು, ತೃಪ್ತಿಯಾಗಿ ಉಂಡು, ಕೈ ತೊಳೆದುಕೊಂಡ ಮೇಲೆ "ಎಲ್ಲಮ್ಮ ಅದು, ಊರೆಲ್ಲ ಮಾತಾಡೋದು?" ಅಂತ ಕೊಟ್ಟಿಗೆಗೆ ಬಂದು, ಮೀನುಗಳನ್ನು ನೋಡುತ್ತ ಬಹಳ ಹೊತ್ತು ನಿಂತರು. ಹಾಸಿನ ಹತ್ತಿರ ಹೋಗಿ ಪಾಲಕ್ ಎಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ನಮ್ಮ ಬೀದಿಯ ಹಿರಿಯರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ನಾನು ಈಚೆ ಬದಿಯಲ್ಲಿ, ನನ್ನ ನಡಿಗೆಯಲ್ಲೇ ನಡೆಯುತ್ತೇನೆ.

ಅತ್ತಿಗೆ ಈಗಲೂ ನನ್ನ ಸೊಪ್ಪು ತಿನ್ನುವುದಿಲ್ಲ. ತಿನ್ನಿ ಅಂತ ನಾನೂ ಹೇಳುವುದಿಲ್ಲ. ಕಳೆದ ತಿಂಗಳು ಪಕ್ಕದ ಮನೆಯ ಸೊಸೆ ಬೇಲಿಯಾಚೆಯಿಂದ, ತನಗೂ ಹೀಗೊಂದು ಮಾಡಿಕೊಡುತ್ತೀರಾ, ಆದರೆ ತಮ್ಮ ಮನೆಯಲ್ಲಿ ಒಪ್ಪುವುದಿಲ್ಲ, ಅಂದಳು. ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು. "ಒಪ್ಪಲಿಲ್ಲ ಅಂದ್ರೆ ಇವಳು ಬಿಡ್ತಾಳೇನು? ಕರ್ಕೊಂಡ್ ಹೋಗಮ್ಮ."

ಆ ಮಾತನ್ನು ಹೊಗಳಿಕೆ ಅಂತ ತೆಗೆದುಕೊಳ್ಳಬೇಕೋ ಬೈಗುಳ ಅಂತಲೋ ನಾನು ಯೋಚಿಸಲಿಲ್ಲ. ಆ ಹುಡುಗಿಯನ್ನು "ನಿಮ್ಮ ಹಿತ್ತಲಲ್ಲಿ ನೆರಳು ಯಾವ ಕಡೆ ಬೀಳುತ್ತೆ?" ಅಂತ ಕೇಳಿದೆ.